ಪಟ್ಟು ಸುಳ್ಳು, ಪೆಟ್ಟು ನಿಜ



1984ನೇ ಇಸವಿ, ಡಿಸೆಂಬರ್ 28. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಜಾನ್ ಸ್ಟಾಸೆಲ್ ಎಂಬ ಟೀವಿ ವರದಿಗಾರ ಅಲ್ಲಿ ಡೇವಿಡ್ ಶುಲ್ಟ್ಸ್ ಎಂಬ ಪೈಲ್ವಾನನ ಮುಂದೆ ನಿಂತಿದ್ದಾನೆ. ಪೈಲ್ವಾನ ಆರಡಿ ದಾಟಿದ ಆಳು. ವರದಿಗಾರ ಕೇಳಬಾರದ್ದನ್ನು ಕೇಳಿಯೇಬಿಟ್ಟ: ಇದೆಲ್ಲ ಸುಳ್ಳು ಕುಸ್ತಿ ಅಂತ ನನಗನ್ನಿಸುತ್ತೆ, ನೀವೇನಂತೀರಿ ಅಂತ. ಶುಲ್ಟ್ಸ್ ಕೈ ಬೀಸಿ ಕಪಾಳಕ್ಕೆ ಬಿಟ್ಟ. ವರದಿಗಾರ ನೆಲಕ್ಕುರುಳಿದ. ಎದ್ದು ನಿಂತನೋ ಇಲ್ಲವೋ, ಇನ್ನೊಂದು ಕಿವಿಗೆ ಇನ್ನೊಂದು ಏಟು. ಇದೂ ಸುಳ್ಳೇನಯ್ಯಾ ಅನ್ನೋ ಧಾಟಿ. ವಾರಗಟ್ಟಲೆ ಕಿವಿ ಗುಂಯ್‌ಗುಡುತ್ತಿತ್ತಂತೆ. ಕೋರ್ಟು ಕಚೇರಿ ಎಲ್ಲ ಆಗಿ 4,25,000 ಡಾಲರಿಗೆ ರಾಜಿಯಾಯಿತು.

ಈ ಪ್ರಸಂಗ ನೆನೆದಾಗಲೆಲ್ಲ ನನಗೆ ನಗು ಬರುತ್ತದೆ. ತನ್ನ ಕಸುಬು ನಿಜ ಅಂತ ತೋರಿಸೋಕೆ ಆ ಮಹಾಶಯ ಕಸುಬಿನ ಒಂದು ಪಟ್ಟನ್ನೂ ಬಳಸಲಿಲ್ಲ ನೋಡಿ. ಬೀದಿ ಜಗಳದಲ್ಲಿ ಯಾರು ಬೇಕಾದರೂ ಕೊಡಬಹುದಾದ ಕಪಾಳಮೋಕ್ಷ ಅದು.

ತೊಂಬತ್ತರ ದಶಕದಲ್ಲಿ ಕೇಬಲ್ ಟೀವಿ ಮುಂದೆ ಬೆಳೆದವರಿಗೆ ಈ ಕುಸ್ತಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಅದನ್ನು ನಡೆಸುತ್ತಿದ್ದ ಅಮೆರಿಕದ ಕಂಪನಿಯ ಹೆಸರಿನಲ್ಲೇ ಡಬ್ಲ್ಯೂಡಬ್ಲ್ಯೂಎಫ್ ಅಂತಿದ್ದೆವು. ಟ್ರಂಪ್ ಕಾರ್ಡ್ ಆಡದ ಹುಡುಗರೇ ನಮ್ಮ ಬೀದಿಯಲ್ಲಿರಲಿಲ್ಲ. ಕಾರ್ಡಿನ ಮೇಲೆ ಪೈಲ್ವಾನನ ಎತ್ತರ, ತೂಕ, ಎದೆಯ ಅಳತೆ, ತೋಳಿನ ಅಳತೆ, ಆಡಿದ ಪಂದ್ಯ, ಗೆದ್ದ ಪಂದ್ಯ ಎಲ್ಲ ಇರುತ್ತಿತ್ತು. ಅಂಡರ್‌ಟೇಕರ್ ಎಂಬ ಪೈಲ್ವಾನನಿಗೆ ಏಳು ಜೀವ, ಸತ್ತರೂ ಎದ್ದು ಬರುತ್ತಾನೆ ಅಂತ ದೇವರಾಣೆ ಹಾಕಿ ಹೇಳುವವರು ಕೊನೇ ಬೆಂಚಿನಲ್ಲಿ ಇದ್ದೇ ಇರುತ್ತಿದ್ದರು. ಪೈಲ್ವಾನನಿಗೆ ಎಷ್ಟು ಆಪರೇಷನ್ ಆಗಿದೆ, ಖರ್ಚು ಯಾರು ಕೊಟ್ಟರು ಅಂತ ಮಾತ್ರ ಯಾವ ಕಾರ್ಡಿನಲ್ಲೂ ಇರಲಿಲ್ಲ. ಇವತ್ತು ನಾನು ಹೇಳಹೊರಟಿರುವುದು ಅದನ್ನೇ.

ಮೊದಲು ಒಂದು ಮಾತು ಇತ್ಯರ್ಥ ಮಾಡಿಕೊಂಡುಬಿಡೋಣ. ಯಾರು ಗೆಲ್ಲಬೇಕು ಅನ್ನೋದು ಮೊದಲೇ ತೀರ್ಮಾನವಾಗಿರುತ್ತದೆ, ಹೌದು. ಯಕ್ಷಗಾನದಲ್ಲಿ ದುಶ್ಶಾಸನ ಸಾಯುತ್ತಾನೆ ಅಂತ ಗೊತ್ತಿದ್ದೂ ಬೆಳಗಿನ ಜಾವದವರೆಗೆ ಕೂರುತ್ತೇವಲ್ಲ, ಹಾಗೆ. ಆದರೆ ಬೀಳುವುದು ಇದೆಯಲ್ಲ, ಅದಕ್ಕೆ ನಾಟಕವಿಲ್ಲ. ಆ ಕಣ ಹೇಗಿರುತ್ತದೆ ಗೊತ್ತೇ? ಕಬ್ಬಿಣದ ತೊಲೆಗಳು, ಮೇಲೆ ಮರದ ಹಲಗೆ, ಹಲಗೆಯ ಮೇಲೆ ತೆಳ್ಳನೆಯ ಫೋಮು, ಅದಕ್ಕೊಂದು ಕ್ಯಾನ್ವಾಸ್ ಹೊದಿಕೆ. ನಮ್ಮ ಗರಡಿಯ ಮಟ್ಟಿಯಲ್ಲಿ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡಿರುತ್ತಾರೆ, ಬಿದ್ದರೆ ಮಣ್ಣು ತಾನೂ ಸ್ವಲ್ಪ ಬಗ್ಗುತ್ತದೆ. ಹಲಗೆ ಬಗ್ಗುವುದಿಲ್ಲ. ಅದಕ್ಕೇ ಹೊಸ ಹುಡುಗರಿಗೆ ಮೊದಲು ಕಲಿಸುವುದೇ ಬೀಳುವ ವಿದ್ಯೆ. ಗದ್ದ ಎದೆಗೆ ಒತ್ತಬೇಕು, ಉಸಿರು ಬಿಡಬೇಕು, ಎರಡೂ ಕೈ ಚಾಚಿ ನೆಲಕ್ಕೆ ಬಡಿಯಬೇಕು, ಬೆನ್ನಿನ ಮೇಲ್ಭಾಗ ಪೂರ್ತಿ ಒಟ್ಟಿಗೆ ತಾಗಬೇಕು. ಗದ್ದ ಒಂದಿಷ್ಟು ಎತ್ತಿದರೂ ಹಿಂದಲೆ ಹಲಗೆಗೆ. ಇದನ್ನು ಒಂದು ರಾತ್ರಿಗೆ ಹತ್ತಾರು ಸಲ ಮಾಡಿ, ಬೆಳಗಾದರೆ ಮುಂದಿನ ಊರಿಗೆ ಕಾರು ಹತ್ತಬೇಕು.

ಮೊದಲು ಹೀಗಿರಲಿಲ್ಲ. 1920ರ ದಶಕದಲ್ಲಿ ಅಮೆರಿಕದಲ್ಲಿ ಎಡ್ 'ಸ್ಟ್ರ್ಯಾಂಗ್ಲರ್' ಲೂಯಿಸ್ ಅಂತ ಒಬ್ಬನಿದ್ದ. ಅವನದು ಒಂದೇ ಪಟ್ಟು, ಹೆಡ್‌ಲಾಕ್. ಎದುರಾಳಿಯ ತಲೆಯನ್ನು ಕಂಕುಳಲ್ಲಿ ಹಿಡಿದು ಅದುಮುವುದು, ಅಷ್ಟೇ. ಅದರ ಅಭ್ಯಾಸಕ್ಕೆ ಮರದ ತಲೆಯೊಂದನ್ನು ಎರಡು ಹೋಳು ಮಾಡಿಸಿ, ನಡುವೆ ಗಟ್ಟಿ ಸ್ಪ್ರಿಂಗ್ ಕೂರಿಸಿ, ಅದನ್ನು ಅದುಮುತ್ತಾ ಪತ್ರಿಕೆಗಳಿಗೆ ಫೋಟೋ ತೆಗೆಸಿಕೊಳ್ಳುತ್ತಿದ್ದ. ಆ ಫೋಟೋ ನೋಡಿದ ಜನಕ್ಕೆ ಹೆಡ್‌ಲಾಕ್ ಅಂದರೆ ತಲೆಬುರುಡೆ ಬಿರಿದಂತೆಯೇ. ಎಂಥಾ ಜಾಣತನ ನೋಡಿ! ಪಟ್ಟಿನ ಮೇಲಿನ ನಂಬಿಕೆಯನ್ನು ಕಣದ ಹೊರಗೇ ಕಟ್ಟಿಬಿಟ್ಟ, ಯಾರ ತಲೆಯೂ ಒಡೆಯದೆ. ಆದರೆ ಕಸುಬು ಅವನನ್ನೂ ಬಿಡಲಿಲ್ಲ. ಆ ಕಾಲದಲ್ಲಿ ಕೊಳಕು ಮ್ಯಾಟುಗಳಿಂದ ಕುಸ್ತಿಯವರಿಗೆ ಟ್ರಕೋಮಾ ಎಂಬ ಕಣ್ಣಿನ ರೋಗ ಅಂಟುತ್ತಿತ್ತು. ಲೂಯಿಸ್ ಕೊನೆಗಾಲದಲ್ಲಿ ಕುರುಡನಾಗಿ 1966ರಲ್ಲಿ ತೀರಿಕೊಂಡ.

ನಮ್ಮಲ್ಲಿ ದಾರಾಸಿಂಗ್, ಕಿಂಗ್‌ಕಾಂಗ್ ಎಂಬ ಪೈಲ್ವಾನರ ಕಾಲಕ್ಕೂ ಹೆಚ್ಚುಕಡಿಮೆ ಇದೇ ಲೆಕ್ಕ. ಎತ್ತಿ ತಿರುಗಿಸುವುದು, ಕಾಲಿಗೆ ಕತ್ತರಿ ಹಾಕುವುದು. ಜನ ನಂಬಿದರು. ದಾರಾಸಿಂಗ್ ಅವರು ಮುಂದೆ ರಾಮಾಯಣ ಧಾರಾವಾಹಿಯ ಹನುಮಂತನಾಗಿ ಮನೆಮನೆಗೂ ಬಂದರು, ರಾಜ್ಯಸಭೆಗೂ ಹೋದರು, 2012ರಲ್ಲಿ ಎಂಬತ್ಮೂರು ವರ್ಷ ತುಂಬಿದ ಮೇಲೆ ತೀರಿಕೊಂಡರು. ಅಮೆರಿಕದ ಎಂಬತ್ತರ ದಶಕದ ಎಷ್ಟು ಪೈಲ್ವಾನರಿಗೆ ಅಷ್ಟು ಆಯುಸ್ಸು ಸಿಕ್ಕಿತು?

ಕೆಟ್ಟಿದ್ದು ಯಾವಾಗ ಅಂದರೆ, ಜನ ಹೆಡ್‌ಲಾಕ್ ನೋಡಿ ಆಕಳಿಸತೊಡಗಿದಾಗ. ಆಗ ಹಗ್ಗದ ಮೇಲೆ ಹತ್ತಿದರು, ಹಗ್ಗದಿಂದ ಹಾರಿದರು, ಮೇಜಿನ ಮೇಲೆ ಬಿದ್ದರು, ಕಬ್ಬಿಣದ ಕುರ್ಚಿಯಿಂದ ತಲೆಗೆ ಬಾರಿಸಿಕೊಂಡರು. ನಂಬಿಸುವ ಖರ್ಚು ವರ್ಷ ವರ್ಷಕ್ಕೆ ಏರಿತು, ಬಿಲ್ಲು ಕಟ್ಟಿದ್ದು ಅವರವರ ಬೆನ್ನು, ಕುತ್ತಿಗೆ.

ಇಲ್ಲಿ ಒಬ್ಬನ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಟಾಮ್ ಬಿಲ್ಲಿಂಗ್ಟನ್. ಕಣದ ಹೆಸರು ಡೈನಮೈಟ್ ಕಿಡ್. ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಗೋಲ್ಬೋರ್ನ್ ಎಂಬ ಊರಿನವನು, ಹುಟ್ಟಿದ್ದು 1958ರ ಡಿಸೆಂಬರ್ 5. ಎತ್ತರ ಐದಡಿ ಎಂಟಿಂಚು. ದೈತ್ಯರ ಲೋಕದಲ್ಲಿ ಅದು ಮಕ್ಕಳ ಅಳತೆ. ಕಡಿಮೆ ಬಿದ್ದ ಎತ್ತರವನ್ನು ಅವನು ವೇಗದಿಂದ, ಧೈರ್ಯದಿಂದ, ಮತ್ತೆ ಸ್ಟಿರಾಯ್ಡಿನಿಂದ ತುಂಬಿಕೊಂಡ. 1981ರ ಏಪ್ರಿಲ್‌ನಲ್ಲಿ ಟೋಕಿಯೋದಲ್ಲಿ ಟೈಗರ್ ಮಾಸ್ಕ್ ಎಂಬ ಮುಖವಾಡದ ಪೈಲ್ವಾನನ ಮೊದಲ ಪಂದ್ಯಕ್ಕೆ ಇವನೇ ಎದುರಾಳಿ. ಆ ಜೋಡಿಯ ಪಂದ್ಯಗಳನ್ನು ಈಗ ಹಾಕಿಕೊಂಡು ನೋಡಿ, ನಿನ್ನೆ ಮೊನ್ನೆ ಆಡಿದ ಹಾಗಿದೆ. ಇಬ್ಬರೂ ಕಣದಲ್ಲಿ ಬೆಂಕಿಯ ಕಿಡಿ!

ಡೈನಮೈಟ್‌ನ ಮುದ್ರೆಯ ಪಟ್ಟು ಡೈವಿಂಗ್ ಹೆಡ್‌ಬಟ್. ಕಣದ ಮೂಲೆಯ ಕಂಬ ಹತ್ತಿ, ಅಲ್ಲಿಂದ ನೀಳವಾಗಿ ಹಾರಿ, ಕೆಳಗೆ ಮಲಗಿದವನ ಎದೆಗೋ ಭುಜಕ್ಕೋ ಹಣೆಯಿಂದ ಗುದ್ದುವುದು. ನೋಡುವವರಿಗೆ ಕೆಳಗಿದ್ದವನು ಸತ್ತ ಅನ್ನಿಸುತ್ತದೆ. ಅಸಲಿಗೆ ಕೆಳಗಿದ್ದವನಿಗೆ ಅಷ್ಟೇನೂ ಆಗುವುದಿಲ್ಲ. ಹಾರಿದವನ ಹೊಟ್ಟೆ, ಮೊಣಕಾಲು, ಅಂಗೈ ಹಲಗೆಗೆ ಅಪ್ಪಳಿಸುತ್ತವೆ, ತಲೆ ಗಕ್ಕನೆ ನಿಲ್ಲುತ್ತದೆ, ಒಳಗಿನ ಮಿದುಳು ಮಾತ್ರ ಮುಂದಕ್ಕೆ ಹೋಗುತ್ತದೆ. ಹೊಡೆದವನಿಗೇ ಏಟಾಗುವ ಪಟ್ಟು! ಇದನ್ನು ಬಳಕೆಗೆ ತಂದ ಹಾರ್ಲಿ ರೇಸ್ ಎಂಬ ಪೈಲ್ವಾನನೇ ಮುಂದೆ, ಯಾಕಾದರೂ ಇದನ್ನು ಶುರುಮಾಡಿದೆನೋ ಅಂತ ಪೇಚಾಡಿಕೊಂಡ.

1986ರ ಏಪ್ರಿಲ್‌ನಲ್ಲಿ ಡೈನಮೈಟ್ ಮತ್ತು ಅವನ ಸೋದರಸಂಬಂಧಿ ಡೇವಿ ಬಾಯ್ ಸ್ಮಿತ್ 'ಬ್ರಿಟಿಷ್ ಬುಲ್‌ಡಾಗ್ಸ್' ಎಂಬ ಜೋಡಿಯಾಗಿ ಡಬ್ಲ್ಯೂಡಬ್ಲ್ಯೂಎಫ್‌ನ ಪಟ್ಟ ಗೆದ್ದರು. ಡಿಸೆಂಬರ್‌ನಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಇವನ ಬೆನ್ನಿನ ಡಿಸ್ಕ್ ಹೋಯಿತು. ಆಸ್ಪತ್ರೆ, ಆಪರೇಷನ್. ಇನ್ನು ಕುಸ್ತಿ ಸಾಕು ಅಂದರು ಡಾಕ್ಟರು. ಆದರೆ ಪಟ್ಟ ಇನ್ನೊಂದು ಜೋಡಿಗೆ ದಾಟಬೇಕಲ್ಲ? 1987ರ ಜನವರಿಯಲ್ಲಿ ಫ್ಲಾರಿಡಾದ ಟ್ಯಾಂಪಾಗೆ ಕರೆಸಿದರು. ಡೇವಿ ಬಾಯ್‌ನ ತೋಳು ಹಿಡಿದು ಹೆಜ್ಜೆ ಎಣಿಸುತ್ತಾ ಕಣದವರೆಗೆ ಬಂದ. ಪಂದ್ಯ ಶುರುವಾಗುತ್ತಿದ್ದ ಹಾಗೆ ಎದುರು ಜೋಡಿಯ ಮ್ಯಾನೇಜರು ಜಿಮ್ಮಿ ಹಾರ್ಟ್ ಕೈಲಿದ್ದ ಮೆಗಾಫೋನಿನಿಂದ ಇವನಿಗೆ ಒಂದು ಬಿಟ್ಟ. ಡೈನಮೈಟ್ ಕೆಳಗೆ ಬಿದ್ದವನು ಪಂದ್ಯ ಮುಗಿಯುವವರೆಗೂ ಏಳಲಿಲ್ಲ. ಜನ ಏನಂದುಕೊಂಡರು? ಆ ಮೆಗಾಫೋನಿನ ಏಟಿಗೆ ಪಾಪ ಏಳಲಾಗಲಿಲ್ಲ ಅಂತ. ಸುಳ್ಳು ಏಟನ್ನು ತೋರಿಸಿ ನಿಜವಾದ ಏಟನ್ನು ಬಚ್ಚಿಟ್ಟರು. ಆ ಟೇಪು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಅವನೇನು ಸಂತನಲ್ಲ ಬಿಡಿ. ಜೊತೆಯವರನ್ನು ಪೀಡಿಸುವುದರಲ್ಲಿ ಕುಖ್ಯಾತ. ಒಬ್ಬನನ್ನು ಕೆಣಕಿ ಹಲ್ಲು ಉದುರಿಸಿಕೊಂಡಿದ್ದೂ ಉಂಟು. ಕಣದಲ್ಲಿ ತೋರಿಸಿದ ನಿರ್ದಯತೆಯನ್ನು ತನ್ನ ಮೈ ಮೇಲೂ ತೋರಿಸಿಕೊಂಡ. ಆ ಬೆನ್ನು ಇಟ್ಟುಕೊಂಡೇ ವರ್ಷಗಟ್ಟಲೆ ಆಡಿದ, 1996ರಲ್ಲಿ ಜಪಾನಿನಲ್ಲಿ ಕೊನೆಯ ಪಂದ್ಯ. ಮರುವರ್ಷ ಕಾಲು ಸ್ವಾಧೀನ ತಪ್ಪಿ ಗಾಲಿಕುರ್ಚಿ ಹಿಡಿದ. ತೀರಿಕೊಂಡಿದ್ದು 2018ರ ಡಿಸೆಂಬರ್ 5ರಂದು, ಅರವತ್ತು ತುಂಬಿದ ದಿನವೇ.

ಇವನ ಪಂದ್ಯಗಳನ್ನು ನೋಡಿ ನೋಡಿ, ಇವನಂತೆಯೇ ಆಗಬೇಕು ಅಂತ ಹಟ ಹಿಡಿದು ಬೆಳೆದ ಕೆನಡಾದ ಹುಡುಗ ಕ್ರಿಸ್ ಬೆನ್ವಾ. ಅದೇ ಮೈಕಟ್ಟು, ಅದೇ ಡೈವಿಂಗ್ ಹೆಡ್‌ಬಟ್. 2007ರ ಜೂನ್‌ನಲ್ಲಿ ಅವನು ಹೆಂಡತಿಯನ್ನೂ ಏಳು ವರ್ಷದ ಮಗನನ್ನೂ ಕೊಂದು ತಾನೂ ಸತ್ತ. ಮಿದುಳನ್ನು ಪರೀಕ್ಷಿಸಿದ ವೈದ್ಯರು ಅದು ಎಂಬತ್ತೈದು ವರ್ಷದ ಅಲ್‌ಝೈಮರ್ ರೋಗಿಯ ಮಿದುಳಿನಂತಿದೆ ಅಂದರು. ಅವನಿಗಾಗಿದ್ದುದು ನಲವತ್ತು ವರ್ಷ. ಆ ಕೊಲೆಗಳಿಗೆ ಮಿದುಳಿನ ಏಟೊಂದೇ ಕಾರಣ ಅಂತ ನಾನು ಹೇಳಲಾರೆ, ಹೇಳಲೂಬಾರದು. ಆದರೆ ಆಮೇಲೆ ಕಂಬದ ಮೇಲಿಂದ ಹಾರುವವರನ್ನು ಮೊದಲಿನಂತೆ ನೋಡಲು ನನ್ನಿಂದ ಆಗಿಲ್ಲ.

ಹಾಗಾದರೆ ಇವರನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲವೇ? ಇಲ್ಲೊಂದು ವಿಚಿತ್ರ ಕೇಳಿ. 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ಡಬ್ಲ್ಯೂಡಬ್ಲ್ಯೂಎಫ್‌ನವರೇ ಹೋಗಿ, ಸ್ವಾಮೀ, ನಮ್ಮದು ಕ್ರೀಡೆ ಅಲ್ಲ, ಬರೀ ಮನರಂಜನೆ ಅಂತ ಒಪ್ಪಿಕೊಂಡರು. ನಾಲ್ಕೈದು ವರ್ಷದ ಹಿಂದೆ ಆ ಮಾತಿಗೇ ಕಪಾಳಕ್ಕೆ ಬಾರಿಸಿದ್ದವರು! ಯಾಕೆ ಒಪ್ಪಿಕೊಂಡರು? ಕ್ರೀಡೆ ಅಂದರೆ ರಾಜ್ಯದ ಅಥ್ಲೆಟಿಕ್ ಕಮಿಷನ್ನಿನ ಹಿಡಿತ, ಲೈಸೆನ್ಸು, ಟೀವಿ ಪ್ರಸಾರದ ಮೇಲೆ ತೆರಿಗೆ. ಮನರಂಜನೆ ಅಂದರೆ ಅದೆಲ್ಲ ಇಲ್ಲ. ಜೊತೆಗೆ ಇನ್ನೊಂದೂ ಹೋಯಿತು. ಪಂದ್ಯಕ್ಕೆ ಮೊದಲು ಪೈಲ್ವಾನನನ್ನು ಡಾಕ್ಟರು ಪರೀಕ್ಷಿಸಬೇಕು ಎಂಬ ಕಡ್ಡಾಯ. ಪಟ್ಟು ಸುಳ್ಳು ಅಂತ ಸರ್ಕಾರಿ ಕಾಗದದ ಮೇಲೆ ಬಂದ ಮೇಲೆ ಪೆಟ್ಟನ್ನು ನೋಡುವವರು ಯಾರು?

ಇನ್ನು ಇನ್ಶೂರೆನ್ಸು. ಕಂಪನಿ ಇವರನ್ನು ನೌಕರರು ಅಂತ ಕರೆಯಲೇ ಇಲ್ಲ, ಸ್ವತಂತ್ರ ಗುತ್ತಿಗೆದಾರರು ಅಂದಿತು. ಯಾವ ಊರಲ್ಲಿ ಎಷ್ಟು ಗಂಟೆಗೆ ಇರಬೇಕು, ಏನು ಉಡಬೇಕು, ಯಾರ ಕೈಲಿ ಸೋಲಬೇಕು ಎಲ್ಲ ಕಂಪನಿಯೇ ಹೇಳುತ್ತದೆ, ಜ್ವರ ಬಂದರೆ ಮಾತ್ರ ನೀನು ಸ್ವತಂತ್ರ! ಕಣದಲ್ಲೇ ಆದ ಗಾಯದ ಆಪರೇಷನ್ ಖರ್ಚನ್ನು ಕೊಡುತ್ತಾರೆ, ನಿಜ. ಮಿಕ್ಕ ಆರೋಗ್ಯ ವಿಮೆ ಅವರವರ ಜೇಬಿನದು. 1986ರಲ್ಲಿ ಜೆಸ್ಸಿ ವೆಂಚುರಾ ಎಂಬ ಪೈಲ್ವಾನ ಎಲ್ಲರನ್ನೂ ಸೇರಿಸಿ, ಒಂದು ಸಂಘ ಕಟ್ಟೋಣ ಅಂದ. ಸುದ್ದಿ ಮಾಲೀಕನ ಕಿವಿಗೆ ಬಿತ್ತು, ಸಂಘ ಅಲ್ಲಿಗೇ ನಿಂತಿತು. ಮುಟ್ಟಿಸಿದ್ದು ಜೊತೆಯ ಪೈಲ್ವಾನ ಹಲ್ಕ್ ಹೋಗನ್ ಅಂತ ವೆಂಚುರಾಗೆ ತಿಳಿದಿದ್ದು ವರ್ಷಗಳ ನಂತರ, ಕೋರ್ಟಿನಲ್ಲಿ. ವೆಂಚುರಾ ಮುಂದೆ ಮಿನೆಸೋಟಾದ ಗವರ್ನರ್ ಆದ. ಪೈಲ್ವಾನರ ಸಂಘ ಮಾತ್ರ ಆಗಲೇ ಇಲ್ಲ.

ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಹೆಸರು ಬಿಟ್ಟರೆ ನಿಮ್ಮಲ್ಲಿ ಅರ್ಧ ಜನ ರೇಡಿಯೋ ಆರಿಸುತ್ತೀರಿ. 1997ರ ಆಗಸ್ಟ್ 3. ಓವನ್ ಹಾರ್ಟ್ ಎಂಬ ಎದುರಾಳಿ ಅವನನ್ನು ತಲೆಕೆಳಗಾಗಿ ಹಿಡಿದು ಪೈಲ್‌ಡ್ರೈವರ್ ಎಂಬ ಪಟ್ಟು ಹಾಕಿದ. ಮೊಣಕಾಲೂರಿ ಇಳಿದಿದ್ದರೆ ತೊಂದರೆ ಇರಲಿಲ್ಲ, ಓವನ್ ಕುಕ್ಕರಿಸಿ ಕೂತುಬಿಟ್ಟ. ಆಸ್ಟಿನ್‌ನ ತಲೆ ತೊಡೆಯಿಂದ ಕೆಳಗೆ ಇಳಿದಿತ್ತು. ನೆತ್ತಿ ನೇರ ಹಲಗೆಗೆ. ಕೈಕಾಲು ಸ್ವಾಧೀನ ಹೋಯಿತು. ಓವನ್‌ಗೆ ಗೊತ್ತಾಯಿತು. ಜನರ ಕಡೆ ತಿರುಗಿ ಅಣಕಿಸುತ್ತಾ ಹೊತ್ತು ಕಳೆದ, ಆಸ್ಟಿನ್‌ಗೆ ಉಸಿರಾಡಲು ಸಮಯ ಸಿಗಲಿ ಅಂತ. ಆಸ್ಟಿನ್ ತೆವಳಿ ಬಂದು, ಹಿಂದಿನಿಂದ ಅವನ ಕಾಲು ಹಿಡಿದು ಹೇಗೋ ಉರುಳಿಸಿದ. ಓವನ್ ಸುಮ್ಮನೆ ಮಲಗಿ ರೆಫರಿಯಿಂದ ಮೂರು ಎಣಿಸಿಕೊಂಡ. ಕಥೆಯ ಪ್ರಕಾರ ಗೆಲ್ಲಬೇಕಿದ್ದವನು ಗೆದ್ದ. ಅಷ್ಟು ದುರ್ಬಲವಾದ ಪಟ್ಟು ಆ ಕಣ ಕಂಡಿರಲಾರದು. ಆಸ್ಟಿನ್‌ಗೆ 2000ದಲ್ಲಿ ಕುತ್ತಿಗೆಯ ಆಪರೇಷನ್ ಆಯಿತು, 2003ರಲ್ಲಿ ಆಟ ಬಿಟ್ಟ. ಓವನ್ ಅಷ್ಟೂ ದಿನ ಉಳಿಯಲಿಲ್ಲ. 1999ರ ಮೇನಲ್ಲಿ ಕಾನ್ಸಾಸ್ ಸಿಟಿಯಲ್ಲಿ, ಸೂರಿನಿಂದ ಹಗ್ಗದಲ್ಲಿ ಇಳಿದುಬರುವ ಒಂದು ಮೋಜಿನ ಪ್ರವೇಶಕ್ಕಾಗಿ ಕಟ್ಟಿದ್ದ ಕೊಕ್ಕೆ ಬಿಚ್ಚಿಕೊಂಡು ಬಿದ್ದು ಸತ್ತ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಪೈಲ್‌ಡ್ರೈವರ್‌ಗೆ ನಿರ್ಬಂಧ ಬಂತು, ಒಬ್ಬಿಬ್ಬರಿಗೆ ಮಾತ್ರ ವಿನಾಯಿತಿ. ಎಡ್ಡಿ ಗೆರೆರೋ ಎಂಬ ಪೈಲ್ವಾನ 2005ರಲ್ಲಿ ಮೂವತ್ತೆಂಟಕ್ಕೇ ಹೃದಯ ಕೈಕೊಟ್ಟು ಸತ್ತ ಮೇಲೆ, 2006ರಲ್ಲಿ ಮದ್ದು ಮತ್ತು ಹೃದಯದ ತಪಾಸಣೆ ಶುರುವಾಯಿತು. 2010ರಲ್ಲಿ ತಲೆಗೆ ಕುರ್ಚಿಯಿಂದ ಹೊಡೆಯುವುದನ್ನು ನಿಲ್ಲಿಸಿದರು. ಚಟಕ್ಕೆ ಬಿದ್ದ ಹಳಬರ ಚಿಕಿತ್ಸೆಯ ಖರ್ಚನ್ನೂ ಕಂಪನಿ ಕೊಡತೊಡಗಿತು. ಒಳ್ಳೆಯದೇ ಆಯಿತು. ಆದರೆ ಇವೆಲ್ಲ ಬಂದಿದ್ದು ಹೆಣಗಳ ಹಿಂದೆ ಹಿಂದೆಯೇ.

ಇಷ್ಟಾದ ಮೇಲೆ ನೀವು ಕೇಳಬಹುದು, ಹಾಗಾದರೆ ಪಟ್ಟನ್ನು ಜನ ನಂಬಬೇಕಾದರೆ ಯಾರಾದರೂ ಆಸ್ಪತ್ರೆ ಸೇರಲೇಬೇಕಾ ಅಂತ. ಬೇಡ. ರಾಕ್ ಎಂಬ ಪೈಲ್ವಾನನ 'ಪೀಪಲ್ಸ್ ಎಲ್ಬೋ' ನೋಡಿ. ಎದುರಾಳಿ ಅಂಗಾತ ಮಲಗಿರುತ್ತಾನೆ. ರಾಕ್ ಅವನ ತಲೆಯ ಹತ್ತಿರ ನಿಂತು ಮೊಣಕೈಯ ಪಟ್ಟಿ ಬಿಚ್ಚಿ ಜನರತ್ತ ಎಸೆಯುತ್ತಾನೆ. ಒಂದು ಕಡೆಯ ಹಗ್ಗಕ್ಕೆ ಓಡುತ್ತಾನೆ, ಮಲಗಿದವನನ್ನು ದಾಟಿ ಇನ್ನೊಂದು ಕಡೆಯ ಹಗ್ಗಕ್ಕೆ ಓಡುತ್ತಾನೆ, ಬಂದು ಕಾಲು ಅಲ್ಲಾಡಿಸಿ ಎದೆಗೆ ಮೊಣಕೈ ಇಳಿಸುತ್ತಾನೆ. ಅಷ್ಟು ಹೊತ್ತಿನಲ್ಲಿ ಮಲಗಿದವನು ಎದ್ದು ಕಾಫಿ ಕುಡಿದು ಬರಬಹುದಿತ್ತು! ಅಂಡರ್‌ಟೇಕರ್‌ನನ್ನು ಕಣದಲ್ಲಿ ನಗಿಸಬೇಕು ಅಂತ ತಮಾಷೆಗೆ ಶುರುಮಾಡಿದ್ದಂತೆ ಅದು. ಆದರೂ ಆ ಪಟ್ಟಿ ಬಿಚ್ಚಿದ ಕೂಡಲೇ ಸಾವಿರಾರು ಜನ ಎದ್ದು ನಿಂತು ಗಂಟಲು ಹರಿದುಕೊಳ್ಳುತ್ತಿದ್ದರು. ಲೂಯಿಸ್‌ನ ಮರದ ತಲೆಯ ಜಾಣತನ ಎಪ್ಪತ್ತು ವರ್ಷ ದಾಟಿ ಇವನ ಕೈಗೆ ಬಂದಿತ್ತು ಅಂತಲೇ ನನ್ನ ಲೆಕ್ಕ.

ಈ ಆಟದ ಅತಿ ಶ್ರೇಷ್ಠ ಪಟ್ಟು ಯಾವುದು ಅಂತ ನನ್ನನ್ನು ಕೇಳಿದರೆ, ಕಂಬ ಹತ್ತಿ ಹಾರಿದ ಯಾವುದನ್ನೂ ಹೇಳುವುದಿಲ್ಲ. ರಾಕ್‌ನ ಮೊಣಕೈಗೇ ನನ್ನ ಮತ. ಎಲ್ಲರೂ ಕೂಗಿದರು, ಎಲ್ಲರೂ ನಕ್ಕರು, ಏಟು ತಿಂದವನು ರಾತ್ರಿ ಊಟ ಮಾಡಿ ಮಲಗಿದ.