ಗ್ರಾಮಸ್ಥರು ಕೊಂಡು ಕಾಪಾಡಿದ ಕಾಡು

(ರೈತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಜಮೀನನ್ನು ಕೊಂಡವನು ಮೊದಲು ಮಾಡುವ ಕೆಲಸವು ಗಿಡಗಂಟಿಗಳನ್ನು ಕಡಿದು, ಬೇರು ಕಿತ್ತು, ನೆಲವನ್ನು ಸಾಗುವಳಿಗೆ ತರುವುದು. ಇದು ಲೋಕರೂಢಿ. ಕೊಂಡ ಜಮೀನಿನಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚಿನ ಪಾಲಿಗೆ ಕೊಡಲಿಯನ್ನೇ ತಾಕಿಸದೆ, ಅದನ್ನು ಕಾಡಾಗಿಯೇ ಬಿಟ್ಟು, ಅದರಿಂದಲೇ ತಮ್ಮ ಬೇಸಾಯವು ಬದುಕುವುದೆಂದು ನಿಶ್ಚಯಿಸಿದ ರೈತರೂ ಉಂಟೆಂದರೆ ಕೇಳುವವರಿಗೆ ಆಶ್ಚರ್ಯವಾಗಬಹುದು. ಅಂಥ ಒಂದು ಗ್ರಾಮದ ವೃತ್ತಾಂತವನ್ನು, ಅದರ ಲಾಭನಷ್ಟಗಳೆರಡನ್ನೂ ಮರೆಮಾಚದೆ, ಇಲ್ಲಿ ವಿವರಿಸಲಾಗುವುದು. ಆ ಗ್ರಾಮದ ಹೆಸರು ಮಾಂಟೆವೆರ್ಡೆ. ಅದು ಮಧ್ಯ ಅಮೆರಿಕಾದ ಕೋಸ್ಟರಿಕಾ ಎಂಬ ಸಣ್ಣ ದೇಶದ ಬೆಟ್ಟಸೀಮೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರದಲ್ಲಿರುತ್ತದೆ.

ಗ್ರಾಮದ ಸ್ಥಾಪನೆ

ಈ ಗ್ರಾಮವನ್ನು ಸ್ಥಾಪಿಸಿದವರು ಅಮೆರಿಕಾ ಸಂಯುಕ್ತ ಸಂಸ್ಥಾನದ ಅಲಬಾಮಾ ಪ್ರಾಂತದಿಂದ ಬಂದ ಕ್ವೇಕರ್ ಪಂಥದವರು. ಯುದ್ಧವನ್ನು ಅಧರ್ಮವೆಂದು ಬಗೆಯುವ ಈ ಜನರಲ್ಲಿ ನಾಲ್ವರು ಯುವಕರು ಸೈನ್ಯಕ್ಕೆ ಹೆಸರು ಬರೆಯಿಸಲು ಒಪ್ಪದೆ 1949ರಲ್ಲಿ ಸೆರೆಮನೆಗೆ ಹೋದರು. ಕೋಸ್ಟರಿಕಾ ದೇಶವಾದರೋ 1948ರಲ್ಲಿ ತನ್ನ ಸೈನ್ಯವನ್ನೇ ವಿಸರ್ಜಿಸಿತ್ತು. ಅದು ಕಾರಣ ಸುಮಾರು ಹನ್ನೊಂದು ಕುಟುಂಬಗಳವರು ಅಲ್ಲಿಗೆ ವಲಸೆ ಹೋಗಿ, 1951ರಲ್ಲಿ ಬೆಟ್ಟದ ಮೇಲೆ ಸುಮಾರು 3,400 ಎಕರೆ ಜಮೀನನ್ನು ಒಟ್ಟಾಗಿ ಕೊಂಡರು. ದಾರಿಯು ಎತ್ತಿನ ಗಾಡಿಗೂ ದುರ್ಗಮವಾಗಿದ್ದುದರಿಂದ ಹಾಲನ್ನು ಕೆಡದಂತೆ ಪೇಟೆಗೆ ಸಾಗಿಸುವುದು ಸಾಧ್ಯವಿರಲಿಲ್ಲ. ಆದಕಾರಣ ಹಸುಗಳನ್ನು ಸಾಕಿ, ಹಾಲನ್ನು ಬಹುಕಾಲ ಕೆಡದಿರುವ ಚೀಸ್ ಆಗಿ ಮಾಡಿ ಮಾರುವ ಕಸಬನ್ನು ಅವರು ಹಿಡಿದರು.

ಹಸುವಿಗೆ ಹುಲ್ಲುಗಾವಲು ಬೇಕು. ಹುಲ್ಲುಗಾವಲಿಗೆ ಕಾಡು ಕಡಿಯಬೇಕು. ಅವರೂ ಕಡಿದರು. ಆದರೆ ಕೊಡಲಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡರು. ಊರಿನ ತೊರೆಗಳು ಹುಟ್ಟುವ ಮೇಲಣ ಏಣಿನಲ್ಲಿ ಸುಮಾರು 1,350 ಎಕರೆ ಕಾಡನ್ನು ಯಾರಿಗೂ ಹಂಚದೆ, ಊರೊಟ್ಟಿನ ಸ್ವತ್ತಾಗಿ ಉಳಿಸಿದರು. ಅವರ ಉದ್ದೇಶವು ಪಶುಪಕ್ಷಿಗಳ ರಕ್ಷಣೆಯಾಗಿರಲಿಲ್ಲ. ಮನೆಗೂ ಕೊಟ್ಟಿಗೆಗೂ ನೀರು, ತೊರೆಯಿಂದ ಉತ್ಪತ್ತಿಯಾಗುವ ಅಷ್ಟಿಷ್ಟು ವಿದ್ಯುಚ್ಛಕ್ತಿ, ಇವೇ ಅವರಿಗೆ ಬೇಕಾಗಿದ್ದವು.

ಮಂಜಿನ ಕಾಡಿನ ಕೆಲಸ

ಆ ಕಾಡು ಸಾಮಾನ್ಯವಾದ ಕಾಡಲ್ಲ. ಪೂರ್ವದ ಸಮುದ್ರದಿಂದ ಬೀಸುವ ತೇವದ ಗಾಳಿಯು ಬೆಟ್ಟವನ್ನೇರುತ್ತ ತಣ್ಣಗಾಗಿ, ಮೋಡವಾಗಿ ಮರಗಳ ನಡುವೆಯೇ ಹರಿದಾಡುತ್ತದೆ. ಕೊಂಬೆಗಳ ಮೇಲೆ ಬೆಳೆದ ಹಾವಸೆ, ಜರೀಗಿಡ, ಸೀತಾಳೆಗಳು ಆ ಮಂಜನ್ನು ಹಿಡಿದು ಹನಿಹನಿಯಾಗಿ ನೆಲಕ್ಕಿಳಿಸುತ್ತವೆ. ಮಳೆಯಿಲ್ಲದ ತಿಂಗಳುಗಳಲ್ಲಿಯೂ ಮರದಡಿಯ ನೆಲವು ತೇವವಾಗಿರಲು ಇದೇ ಕಾರಣ. ಮರವನ್ನು ಕಡಿದರೆ ಮಂಜು ಹಿಡಿಯುವ ಕೈಯನ್ನೇ ಕಡಿದಂತಾಗುವುದು. ಮೋಡವು ಬಂದರೂ ನಿಲ್ಲದೆ ದಾಟಿಹೋಗುವುದು.

ಕಾಡು ಬೆಳೆದ ಬಗೆ

1970ರ ಸುಮಾರಿಗೆ ಸುತ್ತಮುತ್ತಲ ಕಾಡು ವೇಗವಾಗಿ ಕರಗುತ್ತಿತ್ತು. ಕಾಡನ್ನು ಕಡಿದು ತೋರಿಸಿದವನಿಗೇ ನೆಲದ ಹಕ್ಕು ಬಲವಾಗುವ ಪದ್ಧತಿ ಆ ದೇಶದಲ್ಲಿ ಆಗ ಇದ್ದಿತು. ಈ ಸಮಯದಲ್ಲಿ ಪಕ್ಷಿಗಳನ್ನು ಅಭ್ಯಾಸಮಾಡಲು ಬಂದಿದ್ದ ಜಾರ್ಜ್ ಪೊವೆಲ್ ಮತ್ತು ಹ್ಯಾರಿಯೆಟ್ ಪೊವೆಲ್ ದಂಪತಿಗಳು, ಊರಿನ ರೈತರಾದ ವಿಲ್ಫರ್ಡ್ ಗಿಂಡನ್ ಅವರೊಡನೆ ಸೇರಿ, ಮೇಲಣ ಕಾಡಿನ ಹಿಡುವಳಿಗಳನ್ನು ಒಂದೊಂದಾಗಿ ಕೊಂಡುಕೊಳ್ಳುವ ಪ್ರಯತ್ನಕ್ಕೆ ತೊಡಗಿದರು. 1972ರಲ್ಲಿ ಉಷ್ಣವಲಯ ವಿಜ್ಞಾನ ಕೇಂದ್ರವೆಂಬ ಸಂಸ್ಥೆಯ ಆಶ್ರಯದಲ್ಲಿ ಮಾಂಟೆವೆರ್ಡೆ ಮಂಜುಗಾಡಿನ ರಕ್ಷಿತ ಪ್ರದೇಶವು ಸ್ಥಾಪಿತವಾಯಿತು. ಗ್ರಾಮಸ್ಥರು ತಮ್ಮ 1,350 ಎಕರೆಯನ್ನು ಮಾರದೆ, ಹಕ್ಕನ್ನು ಕೈಯಲ್ಲಿಟ್ಟುಕೊಂಡು, ನಾಮಮಾತ್ರದ ಬಾಡಿಗೆಗೆ ಅದರ ಪಾಲನೆಯನ್ನು ಆ ಸಂಸ್ಥೆಗೆ ವಹಿಸಿದರು. ಗಿಂಡನ್ ಅವರು 1949ರಲ್ಲಿ ಸೆರೆಮನೆಗೆ ಹೋದ ನಾಲ್ವರಲ್ಲಿ ಒಬ್ಬರು. ಹುಲ್ಲುಗಾವಲಿಗಾಗಿ ತಾವೇ ಮರ ಉರುಳಿಸಿದ್ದ ಅವರು ಮುಂದೆ ಅನೇಕ ವರ್ಷಗಳ ಕಾಲ ಅದೇ ಕಾಡಿನ ಎಲ್ಲೆಗಳಲ್ಲಿ ಕಾವಲು ತಿರುಗಿದರು. ಅವರು 2016ರಲ್ಲಿ ನಿಧನರಾದರು.

1986ರಲ್ಲಿ ಸ್ಥಳೀಯರು ಮಾಂಟೆವೆರ್ಡೆ ಸಂರಕ್ಷಣ ಸಂಘವನ್ನು ಕಟ್ಟಿದರು. ಮರುವರ್ಷ ಸ್ವೀಡನ್ ದೇಶದ ಒಂದು ಸಣ್ಣ ಹಳ್ಳಿಶಾಲೆಯ ಮಕ್ಕಳು ಈ ಕಾಡಿನ ಸಂಗತಿಯನ್ನು ಕೇಳಿ, ತಾವೂ ಅದನ್ನು ಕೊಳ್ಳಬಹುದೇ ಎಂದು ವಿಚಾರಿಸಿ, ಕಾಸು ಕೂಡಿಸಿ ಕಳುಹಿಸಿದರು. ಆ ಮೊದಲ ಹಣಕ್ಕೆ ದೊರೆತದ್ದು ಸುಮಾರು 15 ಎಕರೆ. ತರುವಾಯ ಅನೇಕ ದೇಶಗಳ ಮಕ್ಕಳು ಕೈಜೋಡಿಸಿದರು. ಹನಿಹನಿ ಕೂಡಿದರೆ ಹಳ್ಳ ಎಂಬ ಗಾದೆಯಂತೆ, ಮಕ್ಕಳ ಹೆಸರಿನ ಆ ಕಾಡು ಈಗ ಸುಮಾರು 55,000 ಎಕರೆಗೆ ಬೆಳೆದು, ಆ ದೇಶದ ಖಾಸಗಿ ರಕ್ಷಿತಾರಣ್ಯಗಳಲ್ಲೆಲ್ಲ ದೊಡ್ಡದಾಗಿದೆ.

ನೆರೆಯ ರೈತರ ಪಾಲು

ಕಾಡನ್ನು ಕೊಂಡಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬೇಟೆಗಾರರನ್ನೂ ಒತ್ತುವರಿಯನ್ನೂ ತಡೆಯಲು ಕಾವಲಿನ ಖರ್ಚು ವರ್ಷವರ್ಷವೂ ಒದಗಬೇಕಾಯಿತು. ಅದಕ್ಕಿಂತ ಮುಖ್ಯವಾದುದು ನೆರೆಯ ರೈತರ ಸಮ್ಮತಿ. ಆ ಸೀಮೆಯಲ್ಲಿ ಒಣಕಾಲದ ಬಿರುಗಾಳಿಯು ಹುಲ್ಲನ್ನು ಒಣಗಿಸಿ, ಕಾಫಿ ಗಿಡಗಳನ್ನು ಜಜ್ಜಿ, ಹಸುಗಳನ್ನು ನಡುಗಿಸುತ್ತದೆ. ಸಂಘದವರು ರೈತರೊಡನೆ ಕೂಡಿ ಹೊಲಗಳ ಅಂಚಿನಲ್ಲಿ ಗಾಳಿತಡೆ ಮರಗಳ ಸಾಲುಗಳನ್ನು ಹಾಕಿಸಿದರು. ಬೆಳೆಗೂ ದನಕ್ಕೂ ಆಸರೆಯಾಯಿತು. ಸೌದೆಯೂ ಬೇಲಿಯ ಗೂಟವೂ ಮನೆಯ ಬಳಿಯೇ ದೊರೆಯುವಂತಾಯಿತು. ಹಕ್ಕಿಗಳಿಗೆ ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗಲು ದಾರಿಯೂ ಆಯಿತು. ಕಾಡನ್ನು ನೋಡಲು ವರ್ಷಕ್ಕೆ ಹತ್ತಾರು ಸಾವಿರ ಪ್ರವಾಸಿಗಳು ಬರತೊಡಗಿದ ಮೇಲೆ ಕಾವಲಿನ ಖರ್ಚಿಗೂ ಊರಿನವರ ಜೀವನಕ್ಕೂ ಒಂದು ಹೊಸ ಆದಾಯ ಹುಟ್ಟಿತು.

ಕೊಂಡರೂ ಉಳಿಯದಿದ್ದುದು

ಈಗ ನಷ್ಟದ ಮಾತು. ಆ ಏಣಿನಲ್ಲಿ ಮಾತ್ರವೇ, ಲೋಕದ ಬೇರಾವ ಕಡೆಯಲ್ಲಿಯೂ ಇಲ್ಲದ, ಹೊಂಬಣ್ಣದ ಒಂದು ನೆಲಗಪ್ಪೆ ಇದ್ದಿತು. ಮೊದಲ ಮಳೆಗೆ ಅವು ಕುಣಿಗಳ ಬಳಿ ಗುಂಪುಗುಂಪಾಗಿ ನೆರೆಯುತ್ತಿದ್ದವು. 1987ರಲ್ಲಿ 1,500ಕ್ಕೂ ಹೆಚ್ಚು ಕಂಡವು, 1988ರಲ್ಲಿ ಬೆರಳೆಣಿಕೆಯಷ್ಟು, 1989ರಲ್ಲಿ ಒಂದೇ ಒಂದು. ಅದರ ಬಳಿಕ ಒಂದೂ ಕಾಣಲಿಲ್ಲ. 2004ರಲ್ಲಿ ಆ ಜಾತಿಯು ನಿರ್ವಂಶವಾಯಿತೆಂದು ಸಾರಲಾಯಿತು. ಅದರ ನೆಲೆಗೆ ಯಾರೂ ಕೊಡಲಿ ಹಾಕಿರಲಿಲ್ಲ. ಕಪ್ಪೆಗಳ ಚರ್ಮಕ್ಕೆ ತಗಲುವ ಒಂದು ಬೂಷ್ಟುರೋಗ ಮತ್ತು ಹವೆಯ ಬದಲಾವಣೆ, ಇವುಗಳಿಗೆ ವಿದ್ವಾಂಸರು ಕಾರಣವನ್ನು ಆರೋಪಿಸುತ್ತಾರೆ. ಒಣಕಾಲದಲ್ಲಿ ಮಂಜಿಲ್ಲದ ದಿನಗಳು 1970ರ ದಶಕದಿಂದೀಚೆಗೆ ಹೆಚ್ಚುತ್ತ ಬಂದವೆಂದು 1999ರಲ್ಲಿ ಪ್ರಕಟವಾಯಿತು. ಪೂರ್ವದ ತಗ್ಗುಸೀಮೆಯ ಕಾಡುಗಳನ್ನು ಕಡಿದುದರಿಂದಲೂ ಬೆಟ್ಟದ ಮೋಡಗಳು ಮೇಲಕ್ಕೇರಬಹುದೆಂದು ಕೆಲವು ಸಂಶೋಧಕರು 2001ರಲ್ಲಿ ತೋರಿಸಿದರು. ಕೆಟ್ಸಾಲ್ ಎಂಬ ಹಸುರು ಹಕ್ಕಿಯಾದರೂ ಬೆಟ್ಟದ ಮೇಲೆ ಮರಿಮಾಡಿ, ಆಮೇಲೆ ಆಹಾರಕ್ಕಾಗಿ ರಕ್ಷಣೆಯಿಲ್ಲದ ಕೆಳಗಣ ಕಾಡುಗಳಿಗೆ ಇಳಿಯುತ್ತದೆ. ಮೇಲಣ ಕಾಡಿಗೆ ಬೇಲಿ ಹಾಕಿ ಕೆಳಗಣದನ್ನು ಮರೆತರೆ ಅರ್ಧ ಕೆಲಸವೇ ಆದಂತೆ.

ಗ್ರಹಿಸತಕ್ಕ ಅಂಶಗಳು

(1) ನೀರು ಹುಟ್ಟುವ ಸ್ಥಳವು ಬೇಸಾಯದ ಮೂಲಧನ. ಅದನ್ನು ಹಂಚುವುದಕ್ಕೆ ಮೊದಲೇ ಎತ್ತಿಡಬೇಕು. ಕಡಿದ ಮೇಲೆ ಕೊಳ್ಳುವುದಕ್ಕೆ ಕಾಡೇ ಇರುವುದಿಲ್ಲ.

(2) ಕಾಗದಪತ್ರದ ಹಕ್ಕಿಗಿಂತ ದಿನದಿನದ ಕಾವಲು ಮುಖ್ಯ.

(3) ನೆರೆಯವನ ಹೊಲಕ್ಕೆ ಪ್ರಯೋಜನವಾಗದ ಕಾಡನ್ನು ನೆರೆಯವನು ಕಾಯಲಾರನು.

(4) ಒಂದು ಊರು ಎಷ್ಟು ಕಾಪಾಡಿದರೂ ಸುತ್ತಣ ಸೀಮೆಯ ನಡತೆಯ ಫಲವು ಅದಕ್ಕೆ ತಟ್ಟದೆ ಬಿಡುವುದಿಲ್ಲ.

ಈ ನಾಡಿನಲ್ಲಿ ಅರಣ್ಯದ ಬಹುಭಾಗವು ಸರ್ಕಾರದ ಸ್ವತ್ತಾಗಿರುವುದರಿಂದ ಗ್ರಾಮಸ್ಥರು ಅದನ್ನು ಕ್ರಯಕ್ಕೆ ಕೊಳ್ಳುವ ಪ್ರಸಂಗವು ವಿರಳ. ಆದರೆ ಕೊಡಗಿನ ದೇವರಕಾಡು, ಮಲೆನಾಡಿನ ಅಡಕೆ ತೋಟಗಳಿಗೆ ಹೊಂದಿದ ಸೊಪ್ಪಿನ ಬೆಟ್ಟ, ಬಯಲುಸೀಮೆಯ ಗುಂಡುತೋಪು, ಕೆರೆಗೆ ನೀರಿಳಿಯುವ ದಿಣ್ಣೆ, ಇವುಗಳನ್ನು ಕಾಯುವುದಕ್ಕೆ ಹಣ ತೆರಬೇಕಾಗಿಲ್ಲ. ಊರಿನವರ ಒಮ್ಮತವೇ ಬೇಕು. ಮಾಂಟೆವೆರ್ಡೆಯವರು ಹೊಸ ನಾಡಿಗೆ ಬಂದು, ಮನೆ ಕಟ್ಟಿಕೊಳ್ಳುವ ಕಷ್ಟದ ವರ್ಷದಲ್ಲಿಯೇ, ತೊರೆಯ ತಲೆಯನ್ನು ಮುಟ್ಟಬಾರದೆಂದು ಗೆರೆ ಎಳೆದರು. ತಮ್ಮ ಊರಿನ ತೊರೆಯೂ ಕೆರೆಯ ಹಳ್ಳವೂ ಎಲ್ಲಿ ಹುಟ್ಟುತ್ತವೆ, ಅಲ್ಲಿ ಈಗ ಎಷ್ಟು ಮರಗಳು ನಿಂತಿವೆ ಎಂಬುದನ್ನು ಪ್ರತಿಯೊಂದು ಗ್ರಾಮದವರೂ ಈ ಬೇಸಗೆಯಲ್ಲಿಯೇ ನಡೆದುಹೋಗಿ ನೋಡಿಬರತಕ್ಕದ್ದು.