ಹಳೆಯ ಫೋನಿಗೆ ಹೊಸ ಆಯುಷ್ಯ



ಯಾದಗಿರಿ, ಶಹಾಪುರ, ಸುರಪುರದ ಕಡೆ ಕುಂಟೆಯ ಕುಡ ಸವೆದರೆ ಯಾರೂ ಕುಂಟೆಯನ್ನೇ ಬಿಸಾಡುವುದಿಲ್ಲ. ಕಮ್ಮಾರರ ಬಳಿ ಒಯ್ದು ಹಣಿಸಿ ತರುತ್ತಾರೆ. ಅಣ್ಣನಿಂದ ತಂಗಿಯ ಕೈಗೆ ಬಂದ ಹಳೆಯ ಸ್ಮಾರ್ಟ್‌ಫೋನಿಗೂ ಈ ಮಾತು ಸಲ್ಲುತ್ತದೆಯೇ? ಗಾಜು ಒಡೆದಿಲ್ಲ, ಮಾತು ಕೇಳಿಸುತ್ತದೆ. ಆದರೆ ಹೊಸ ಆ್ಯಪ್ ಹಾಕಹೋದರೆ ಒಲ್ಲೆ ಎನ್ನುತ್ತದೆ. ಇಲ್ಲಿ ಕೆಟ್ಟಿರುವುದು ಯಾವುದು?

2023ರ ಅಕ್ಟೋಬರ್ 24ರಿಂದ ವಾಟ್ಸಾಪ್, ಆಂಡ್ರಾಯ್ಡ್ 5.0ಕ್ಕಿಂತ ಹಳೆಯ ಆವೃತ್ತಿಗಳಿಗೆ ಬೆಂಬಲ ನಿಲ್ಲಿಸಿತು. ಅಂದು ಯಾವ ಫೋನಿನ ಬಿಡಿಭಾಗವೂ ಸವೆಯಲಿಲ್ಲ. ಹಳತಾದದ್ದು ಅದರೊಳಗಿನ ತಂತ್ರಾಂಶ.

ತಂತ್ರಾಂಶದ ಶಕ್ತಿಗೆ ನಮ್ಮ ಕನ್ನಡವೇ ಸಾಕ್ಷಿ. ಮೊದಲಿನ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದವು. ಫಾಂಟ್ ಒಂದನ್ನೇ ಸೇರಿಸಿದರೆ ಸಾಲದು; ಕಾಗುಣಿತ, ಒತ್ತಕ್ಷರಗಳನ್ನು ಜೋಡಿಸುವ ತಂತ್ರಾಂಶವೂ ಬೇಕು. 2012ರ 4.1 ಆವೃತ್ತಿಯಲ್ಲಿ ಕನ್ನಡ ಲಿಪಿಗೆ ಬೆಂಬಲ ಬಂತು, 2014ರ 5.0 ಆವೃತ್ತಿಯಲ್ಲಿ ಫೋನಿನ ಮೆನುಗಳೂ ಕನ್ನಡದಲ್ಲಿ ಬಂದವು. ಈ ಆವೃತ್ತಿಗಳನ್ನು ಪಡೆದ ಹಳೆಯ ಫೋನುಗಳು ಅದೇ ಯಂತ್ರದಲ್ಲಿ ಕನ್ನಡ ಕಲಿತವು.

ತಯಾರಕರು ಕೆಲವು ವರ್ಷಗಳ ಬಳಿಕ ಹೊಸ ಆವೃತ್ತಿ ಕಳಿಸುವುದನ್ನು ನಿಲ್ಲಿಸುತ್ತಾರೆ. ಆದರೆ ಆಂಡ್ರಾಯ್ಡ್‌ನ ಮೂಲ ಸಂಕೇತ ಎಲ್ಲರಿಗೂ ಮುಕ್ತ. ಅದನ್ನು ಹಳೆಯ ಮಾದರಿಗಳಿಗೆ ಹೊಂದಿಸುವ ಸ್ವಯಂಸೇವಕರಿದ್ದಾರೆ. 2009ರಲ್ಲಿ ಆರಂಭವಾದ ಸಯನೋಜೆನ್‌ಮಾಡ್ 2016ರ ಕೊನೆಯಲ್ಲಿ ನಿಂತಾಗ, ಅದರ ಸಂಕೇತದಿಂದಲೇ ಲಿನಿಯೇಜ್ ಓಎಸ್ ಹುಟ್ಟಿತು.

ಇದನ್ನು ಅಳವಡಿಸಲು ಮೊದಲು ಬೂಟ್‌ಲೋಡರ್‌ನ ಬೀಗ ತೆಗೆಯಬೇಕು. ಕೆಲವು ತಯಾರಕರು ಅದಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ಬೀಗ ತೆಗೆದಾಗ ಸಾಮಾನ್ಯವಾಗಿ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಚಿತ್ರ, ಟಿಪ್ಪಣಿ, ಸಂಖ್ಯೆಗಳನ್ನು ಬೇರೆಡೆ ಉಳಿಸಿಕೊಳ್ಳಿ. ನಿಮ್ಮ ಮಾದರಿಗೇ ಮೀಸಲಾದ ಕಡತ ಇದೆಯೇ ಎಂದು ಅಕ್ಷರ ಅಕ್ಷರ ಹೋಲಿಸಿ ನೋಡಿ. ತಪ್ಪು ಕಡತ ಹಾಕಿದರೆ ಫೋನು ಏಳದೆಯೇ ಹೋಗಬಹುದು. ಕೆಲವು ಬ್ಯಾಂಕ್ ಆ್ಯಪ್‌ಗಳು ಬದಲಾದ ಫೋನಿನಲ್ಲಿ ಕೆಲಸ ಮಾಡಲು ಒಪ್ಪುವುದಿಲ್ಲ. ಹಾಗಾಗಿ ಅಪ್ಪನ ಬ್ಯಾಂಕಿನ ಓಟಿಪಿ ಬರುವ, ನಿಮ್ಮ ವಿದ್ಯಾರ್ಥಿವೇತನದ ಅರ್ಜಿ ತುಂಬುವ ಮನೆಯ ಏಕೈಕ ಫೋನಿನ ಮೇಲೆ ಈ ಪ್ರಯೋಗ ಬೇಡ.

ಇನ್ನೊಂದು ಮಾತು. ಲಿಥಿಯಂ ಬ್ಯಾಟರಿ ಶಾಖಕ್ಕೆ ಬೇಗ ಸೊರಗುತ್ತದೆ. ನಮ್ಮ ಬೇಸಿಗೆಯ ಬಿಸಿಲಲ್ಲಿ ಫೋನನ್ನು ಚಾರ್ಜಿಗೆ ಇಡಬೇಡಿ. ಸೊರಗಿದ ಬ್ಯಾಟರಿಗೆ ಯಾವ ತಂತ್ರಾಂಶವೂ ಮದ್ದಲ್ಲ, ಅದನ್ನು ಬದಲಿಸಲೇಬೇಕು. ಬೇಡದ ಆ್ಯಪ್‌ಗಳನ್ನು ತೆಗೆದು ಜಾಗ ಖಾಲಿ ಮಾಡಿದರೆ ಎಷ್ಟೋ ಫೋನುಗಳು ಚುರುಕಾಗುತ್ತವೆ. ಮೊದಲು ಅಷ್ಟನ್ನು ಮಾಡಿ ನೋಡಿ.

ಯಾವ ವಸ್ತುವನ್ನಾದರೂ ಬಿಸಾಡುವ ಮೊದಲು, ಅದರಲ್ಲಿ ಕೆಟ್ಟಿರುವುದು ಯಾವ ಭಾಗ ಎಂದು ವಿಚಾರಿಸುವುದು ಒಳ್ಳೆಯ ಅಭ್ಯಾಸ.