ವರದಿಯನ್ನು ಹುಡುಗನಿಗೂ ಓದಿ ಹೇಳಬೇಕೇ?

ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಮೇಲಿನವರು ನಿಮ್ಮ ಬಗ್ಗೆ ಬರೆದು ಕಳಿಸುತ್ತಿದ್ದ ಸಿ.ಆರ್., ಅಂದರೆ ಗೋಪ್ಯ ವರದಿ, ಎಂದರೆ ಎಂಥ ಅಳುಕು ಎಂದು ನಾನು ಹೇಳಬೇಕಿಲ್ಲ. ಆ ಅಳುಕನ್ನು ಅಪರಾಧದ ಆರೋಪ ಹೊತ್ತ ಹದಿನಾರರ ಹುಡುಗನೊಬ್ಬನ ಮೇಲಿಟ್ಟು ನೋಡಿ.

ಇಂಥ ಹುಡುಗರ ಕಾನೂನಿನ ಇತಿಹಾಸ ಬೇಗ ಮುಗಿಸುತ್ತೇನೆ. 1943ರ ಮೈಸೂರು ಬೋರ್ಸ್ಟಲ್ ಶಾಲೆಗಳ ಕಾಯ್ದೆ, ಆಮೇಲೆ 1986, 2000, ಈಗ 2015ರ ಬಾಲ ನ್ಯಾಯ ಕಾಯ್ದೆ. ನನ್ನ ತಕರಾರು ಒಂದೇ ಕಡೆ. ಹುಡುಗನನ್ನು ಬಾಲ ನ್ಯಾಯ ಮಂಡಳಿಯ ಮುಂದೆ ತಂದ 15 ದಿನಗಳೊಳಗೆ ಪರಿವೀಕ್ಷಣಾಧಿಕಾರಿ ಅವನ ಮನೆ, ಶಾಲೆ, ಗೆಳೆಯರನ್ನೆಲ್ಲ ವಿಚಾರಿಸಿ ಸಾಮಾಜಿಕ ತನಿಖಾ ವರದಿ ಕೊಡಬೇಕು. ನಂಬಿಕೆ ಹುಟ್ಟದೆ ಹುಡುಗ ಬಾಯಿ ಬಿಡುವುದಿಲ್ಲ. ಬಿಟ್ಟರೆ ಹೇಳಿದ್ದೆಲ್ಲ ಕಾಗದಕ್ಕೆ ಇಳಿಯುತ್ತದೆ. ಹದಿನಾರು ದಾಟಿದವನ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಅವನನ್ನು ವಯಸ್ಕನಂತೆ ವಿಚಾರಣೆಗೆ ಕಳಿಸುವ ಸಾಧ್ಯತೆಯೂ ಇದೆ. ಅದನ್ನು ತೀರ್ಮಾನಿಸುವ ಮುನ್ನ ‘ಆವತ್ತು ಏನಾಯ್ತಪ್ಪ?’ ಎಂದು ಕೇಳುವ ಮನಃಶಾಸ್ತ್ರಜ್ಞೆ ತನ್ನ ಕಡೆಯವರೋ, ಮಂಡಳಿಯ ಕಡೆಯವರೋ ಎಂದು ಅವನಿಗೆ ತಿಳಿಯುವುದಾದರೂ ಹೇಗೆ?

ನಮಗೆ ಸಮಾಜಕಾರ್ಯ ಕಲಿಸಿದ ಮೇಷ್ಟ್ರೊಬ್ಬರಿದ್ದರು. ವರದಿಯಲ್ಲಿ ‘ಕೆಟ್ಟ ಸಹವಾಸ’ ಎಂದು ಕಂಡರೆ ಕೆಂಪು ಗೀಟು. “ಯಾರಯ್ಯ ಅವರು? ಎಲ್ಲಿ ಕೆಲಸ ಮಾಡ್ತಾರೆ? ಮಾತಾಡಿಸಿದ್ಯಾ?” ಮಾತಾಡಿಸಲು ಹೋದರೆ ಅದು ಗ್ಯಾರೇಜಿನಲ್ಲಿ ದುಡಿಯುವ ಸೋದರಮಾವನ ಮಗನಾಗಿರುತ್ತಿತ್ತು! ಭಾಷೆಯ ತೊಡಕು ಬೇರೆ. ಬೆಂಗಳೂರಿನ ಹಲಸೂರು, ಶಿವಾಜಿನಗರದ ಎಷ್ಟೋ ಮನೆಗಳ ಮಾತು ತಮಿಳು, ಉರ್ದು. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದ ವರದಿಯಲ್ಲಿ ತಾನು ಏನಾಗಿದ್ದೇನೆ ಎಂಬುದು ಹುಡುಗನಿಗೆ ತಿಳಿಯುವುದೇ ಇಲ್ಲ. ಅದಕ್ಕೇ ನನ್ನ ಹಟ: ಸಲ್ಲಿಸುವ ಮುಂಚೆ ಅವನಿಗೆ ಅವನ ಮಾತಿನಲ್ಲೇ ಓದಿ ಹೇಳಿ.

‘ವರದಿ ಗೋಪ್ಯ, ಕಾನೂನು ಬಿಡೋದಿಲ್ಲ’ ಎನ್ನುತ್ತಾರೆ ಗೆಳೆಯರು. 99ನೇ ಸೆಕ್ಷನ್ ಓದಿ ಎನ್ನುತ್ತೇನೆ ನಾನು. ಗೋಪ್ಯ ನಿಜ, ಆದರೆ ಸೂಕ್ತವೆನಿಸಿದರೆ ಮಂಡಳಿ ಅದರ ಸಾರವನ್ನು ಮಗುವಿಗೂ ಪೋಷಕರಿಗೂ ತಿಳಿಸಬಹುದು. ಹಾಗೆ ತಿಳಿಸುವ ಅಧಿಕಾರ ಮಂಡಳಿಯದು, ಅಧಿಕಾರಿಯದಲ್ಲ. ಗೆಳೆಯರು ನನ್ನನ್ನು ಕಟ್ಟಿಹಾಕುವುದು ಇಲ್ಲೇ.

ಇದಕ್ಕಿಂತ ಬಿಗಿಯಾದ ಗಂಟು ಇನ್ನೊಂದಿದೆ. ಗಂಡ ಕುಡಿದು ಬಂದು ಹೊಡೆಯುವುದನ್ನು ತಾಯಿ ಅಧಿಕಾರಿಯ ಮುಂದೆ ಗುಟ್ಟಾಗಿ ಹೇಳಿಕೊಂಡಿರುತ್ತಾಳೆ, ಮಗನನ್ನು ಕಂಡರೂ ಭಯ ಎಂದಿರುತ್ತಾಳೆ. ಅದನ್ನು ಮಗನ ಮುಂದೆ ಓದುವುದೇ? ಅಷ್ಟು ಬಿಟ್ಟು ಓದಿದರೆ ಅವನು ಕೇಳಿದ್ದು ವರದಿಯೇ? ‘ಅಮ್ಮ ಸುಳ್ಳು ಹೇಳ್ತಾಳೆ ಸಾರ್’ ಎಂದು ಅವನಂದರೆ ಆ ಮಾತನ್ನೂ ಸೇರಿಸಬೇಕೇ, ತಾಯಿಯನ್ನು ಮತ್ತೆ ಕೇಳಬೇಕೇ? ಆ ಮನೆಗೇ ತಾನೇ ಅವನು ಮರಳಿ ಹೋಗಬೇಕಾದ್ದು?